ಸ್ಟುವರ್ಟ್ ಮನೆತನ: ಅಳಿಯ ದೊಡ್ಡವನು, ಸೋದರಮಾವ ಚಿಕ್ಕವನು

ನಿನ್ನೆ ರಾತ್ರಿ ಈ ವಂಶವೃಕ್ಷವನ್ನು ಮೂರು ಸಲ ಬರೆದು ಅಳಿಸಿದೆ. ಮರೆಯುವ ಮೊದಲೇ ಬರೆದಿಡುತ್ತೇನೆ.

ಮೂಲ: ಸ್ಕಾಟ್ಲೆಂಡನ್ನು ಆಳಿದ ಇವರು ಮೂಲದಲ್ಲಿ ಸ್ಕಾಟರಲ್ಲ. ಫ್ರಾನ್ಸಿನ ಬ್ರಿಟನಿಯಲ್ಲಿರುವ ಡೋಲ್ ಊರಿನ ಬಿಷಪ್ಪರ ಮನೆವಾರ್ತೆ ನೋಡಿಕೊಳ್ಳುತ್ತಿದ್ದವರು. ಫ್ಲಾಡನ ಮಗ ಅಲನ್, ಒಂದನೇ ಹೆನ್ರಿಯ ಕಾಲದಲ್ಲಿ ಇಂಗ್ಲೆಂಡಿಗೆ ಬಂದ. ಅವನ ಮಗ ವಾಲ್ಟರ್ 1136ರ ಸುಮಾರಿಗೆ ಸ್ಕಾಟ್ಲೆಂಡಿನ ದೊರೆ ಒಂದನೇ ಡೇವಿಡ್‌ನ ಕಡೆ ಸೇರಿ ಸ್ಟೀವರ್ಡ್, ಅಂದರೆ ಅರಮನೆಯ ಮೇಲ್ವಿಚಾರಕ ಆದ. ಮುಂದೆ ನಾಲ್ಕನೇ ಮಾಲ್ಕಮ್ ಆ ಹುದ್ದೆಯನ್ನು ವಂಶಪಾರಂಪರ್ಯ ಮಾಡಿಕೊಟ್ಟ. ನಮ್ಮಲ್ಲಿ ಶಾನುಭೋಗ, ದೇಸಾಯಿ ಅಡ್ಡಹೆಸರಾದವಲ್ಲ, ಹಾಗೆಯೇ ಸ್ಟೀವರ್ಡ್ ಹೋಗಿ ಸ್ಟುವರ್ಟ್. (ಬ್ಯಾಂಕೋ ಎಂಬ ಸರದಾರ ಇವರ ಮೂಲಪುರುಷ ಅನ್ನುವುದು ಕಟ್ಟುಕಥೆ. ನಂಬಬೇಡಿ.)

ಈಗ ನಾನು ಎಡವಿದ ಜಾಗ. ಆರನೇ ಸ್ಟೀವರ್ಡ್, ಅವನೂ ವಾಲ್ಟರನೇ, 1315ರಲ್ಲಿ ದೊರೆ ರಾಬರ್ಟ್ ಬ್ರೂಸ್‌ನ ಮಗಳು ಮಾರ್ಜರಿಯನ್ನು ಮದುವೆಯಾದ. 1316ರಲ್ಲಿ ಹುಟ್ಟಿದ ಮಗನಿಗೆ ತಾತನ ಹೆಸರು: ರಾಬರ್ಟ್. ದೊರೆಗೆ ಆಗ ಗಂಡುಮಕ್ಕಳಿರಲಿಲ್ಲ. ತಮ್ಮ ಎಡ್ವರ್ಡ್ 1318ರಲ್ಲಿ ಐರ್ಲೆಂಡಿನ ಯುದ್ಧದಲ್ಲಿ ಸತ್ತ. ಕೂಡಲೇ ಪಾರ್ಲಿಮೆಂಟು ಈ ಎರಡು ವರ್ಷದ ಮೊಮ್ಮಗನನ್ನೇ ವಾರಸುದಾರ ಎಂದು ಗೊತ್ತುಮಾಡಿತು. ಆದರೆ 1324ರಲ್ಲಿ ದೊರೆಗೆ ಎರಡನೇ ಹೆಂಡತಿಯಲ್ಲಿ ಡೇವಿಡ್ ಹುಟ್ಟಿದ, ಮೊಮ್ಮಗ ಹಿಂದೆ ಸರಿದ.

ಪುಸ್ತಕದಲ್ಲಿ "ಅಂಕಲ್" ಎಂದಿತ್ತು. ಅಂಕಲ್ ಅಂದಮೇಲೆ ಹಿರಿಯ ಎಂದುಕೊಂಡು ಡೇವಿಡ್‌ನನ್ನು ಮಾರ್ಜರಿಗಿಂತ ಮೊದಲು ಬರೆದೆ, ಅಲ್ಲಿಂದ ಮುಂದಿನ ಇಸವಿಗಳೆಲ್ಲ ತಲೆಕೆಳಗು. ಕನ್ನಡದಲ್ಲಿ ಹೇಳಿಕೊಂಡಾಗ ಬಿಡಿಸಿತು: ಡೇವಿಡ್ ಮಾರ್ಜರಿಯ ಮಲತಮ್ಮ, ರಾಬರ್ಟನ ಸೋದರಮಾವ, ಆದರೆ ಅಳಿಯನಿಗಿಂತ ಎಂಟು ವರ್ಷ ಚಿಕ್ಕವನು! 1324ರಿಂದ 1316 ಕಳೆದು ನೋಡಿ. ಐದು ವರ್ಷದ ಮಾವ 1329ರಲ್ಲಿ ಪಟ್ಟಕ್ಕೇರಿದ, ಎರಡು ಮದುವೆಯಾದರೂ ಮಕ್ಕಳಾಗಲಿಲ್ಲ, 1371ರಲ್ಲಿ ತೀರಿಕೊಂಡ. ಐವತ್ತು ದಾಟಿದ ಅಳಿಯ ಎರಡನೇ ರಾಬರ್ಟ್ ಆಗಿ ಸಿಂಹಾಸನ ಹತ್ತಿದ. ಕರಾವಳಿಯ ಗೆಳೆಯರೇ, ಇದು ಅಳಿಯಸಂತಾನವಲ್ಲ. ಡೇವಿಡ್‌ಗೆ ಒಬ್ಬ ಮಗನಿದ್ದಿದ್ದರೂ ಸ್ಟುವರ್ಟರು ಅರಮನೆಯ ಮೇಲ್ವಿಚಾರಕರಾಗಿಯೇ ಉಳಿಯುತ್ತಿದ್ದರು.

ಉಳಿದದ್ದು ಸುಲಭ: 1603ರಲ್ಲಿ ಆರನೇ ಜೇಮ್ಸ್ ಇಂಗ್ಲೆಂಡಿಗೂ ದೊರೆಯಾದ, 1714ರಲ್ಲಿ ರಾಣಿ ಆ್ಯನ್‌ಳೊಂದಿಗೆ ಇವರ ಆಳ್ವಿಕೆ ಮುಗಿಯಿತು. ಇಂಗ್ಲಿಷಿನಲ್ಲಿ ಹೆಸರಿಗೆ ಎರಡು ಕಾಗುಣಿತ (Stewart, Stuart) ಇರುವುದಕ್ಕೆ ಕಾರಣ ಫ್ರಾನ್ಸಿನಲ್ಲಿ ಬೆಳೆದ ಸ್ಕಾಟ್ಲೆಂಡಿನ ರಾಣಿ ಮೇರಿ, ಆರನೇ ಜೇಮ್ಸ್‌ನ ತಾಯಿ. ಫ್ರೆಂಚರಿಗೆ "ಡಬ್ಲ್ಯು" ಒಗ್ಗದು, ಅದಕ್ಕೇ ಆ ಅಕ್ಷರ ಬಿಟ್ಟ ರೂಪ ಬಳಕೆಗೆ ಬಂತು. ಕನ್ನಡದಲ್ಲಿ ಬರೆಯುವವರಿಗೆ ಆ ತಲೆನೋವಿಲ್ಲ.