ಸೀರಂ ಅಂದರೆ ಲಸಿಕೆ ಅಲ್ಲ

ಮೊನ್ನೆ ತಿದ್ದಿಕೊಡಿ ಅಂತ ಒಂದು ಬರಹ ಬಂತು. ನಾರ್ವೆಯಲ್ಲಿ ಸಾಲ್ಮನ್ ಮೀನು ಸಾಕುವುದರ ಬಗ್ಗೆ. ಅದರಲ್ಲಿ ಒಂದು ಸಾಲು: ‘ವೈರಸ್ ಕಾಯಿಲೆ ಬಂದಿದೆಯಾ ಅಂತ ತಿಳಿಯಲು ಆಗಾಗ ಮೀನುಗಳ ಲಸಿಕೆ ಪರೀಕ್ಷೆ ಮಾಡುತ್ತಾರೆ.’ ಲಸಿಕೆ ಪರೀಕ್ಷೆ ಮಾಡಿದರೆ ಕಾಯಿಲೆ ಹೇಗೆ ಗೊತ್ತಾಗುತ್ತೆ? ಮೂಲ ಪ್ರತಿ ತೆಗೆದು ನೋಡಿದೆ. ಬರೆದವರು ‘ಸೀರಂ’ ಅಂತ ಸರಿಯಾಗೇ ಬರೆದಿದ್ದರು. ನಡುವೆ ಕೈಯಾಡಿಸಿದ ಯಾರೋ, ಕನ್ನಡದ ಪದ ಇರುವಾಗ ಇಂಗ್ಲಿಷ್ ಯಾಕೆ ಅಂತ ಬದಲಾಯಿಸಿದ್ದರು. ಉದ್ದೇಶ ಒಳ್ಳೆಯದೇ. ಆದರೆ ಈ ವರ್ಷ ನನ್ನ ಕಣ್ಣಿಗೆ ಇದು ಬಿದ್ದದ್ದು ಮೂರನೇ ಸಲ.

ಪಕ್ಕದಿಂದ ಇಣುಕಿದ ಅಕ್ಕನ ಮಗಳು ‘ಚಿಕ್ಕಮ್ಮ, ಮೀನಿಗೂ ಸೀರಂ ಹಚ್ತಾರಾ?’ ಅಂದಳು. ಅವಳ ಸೀರಂ ಡ್ರಾಪರ್ ಇರುವ ಪುಟ್ಟ ಬಾಟಲಿಯಲ್ಲಿ ಬರುತ್ತೆ, ರಾತ್ರಿ ಮುಖ ತೊಳೆದ ಮೇಲೆ ಎರಡು ಹನಿ. ಅದು ಅಂಗಡಿಯವರು ಇಟ್ಟ ಹೆಸರು. ಅವರ ಜೊತೆ ಜಗಳ ಆಡೋಕೆ ನನಗೆ ಪುರುಸೊತ್ತಿಲ್ಲ.

ಸೀರಂ ಲ್ಯಾಟಿನ್ ಪದ. ಅಲ್ಲಿ ಅದರ ಮೊದಲ ಅರ್ಥ ರಕ್ತಕ್ಕೆ ಸಂಬಂಧಿಸಿದ್ದೇ ಅಲ್ಲ. ಹಾಲು ಒಡೆದಾಗ ಗಟ್ಟಿ ಒಂದು ಕಡೆ ಆಗಿ ನೀರು ಉಳಿಯುತ್ತಲ್ಲ, ಆ ನೀರು. ಮನೆಯಲ್ಲಿ ಪನೀರ್ ಮಾಡಿದವರಿಗೆ ಗೊತ್ತು: ಬಟ್ಟೆಯಲ್ಲಿ ಕಟ್ಟಿ ನೇತುಹಾಕಿದರೆ ಕೆಳಗಿನ ಪಾತ್ರೆಗೆ ತೊಟ್ಟಿಕ್ಕುವ ತೆಳು ಹಳದಿ ನೀರು. ಇಟಾಲಿಯನ್ನಿನ ‘ಸಿಯೆರೊ’, ಸ್ಪ್ಯಾನಿಷ್‌ನ ‘ಸ್ವೆರೊ’ ಇವತ್ತಿಗೂ ಹಾಲಿನ ನೀರಿಗೂ ರಕ್ತದ ನೀರಿಗೂ ಸಲ್ಲುವ ಪದಗಳು.

ಇದನ್ನು ಅರ್ಥ ಮಾಡಿಕೊಳ್ಳೋಕೆ ಕನ್ನಡದವರಿಗೆ ಲ್ಯಾಟಿನ್ ಬೇಕಾಗಿಯೇ ಇಲ್ಲ. ಹಾಲಿಗೆ ಹೆಪ್ಪು ಹಾಕುತ್ತೇವೆ. ಗಾಯದ ರಕ್ತ ಹೆಪ್ಪುಗಟ್ಟುತ್ತದೆ. ಎರಡಕ್ಕೂ ಒಂದೇ ಹೆಪ್ಪು! ಮೊಸರನ್ನು ಎರಡು ದಿನ ಬಿಟ್ಟರೆ ನೀರು ಬಿಟ್ಟುಕೊಳ್ಳುತ್ತೆ. ಹೆಪ್ಪುಗಟ್ಟಿದ ರಕ್ತವನ್ನು ಗಾಜಿನ ನಳಿಗೆಯಲ್ಲಿ ಅಲ್ಲಾಡಿಸದೆ ಇಟ್ಟರೂ ಅಷ್ಟೇ. ಗಡ್ಡೆ ಕುಗ್ಗಿ ಕೆಳಗಿಳಿಯುತ್ತೆ, ಮೇಲೆ ಹುಲ್ಲಿನ ಬಣ್ಣದ ನೀರು ನಿಲ್ಲುತ್ತೆ. ಬೇಳೆ ಬೆಂದು ತಳಕ್ಕೆ ಕೂತ ಮೇಲೆ ಮೇಲಿನದ್ದನ್ನು ತಿಳಿ ಅಂತೀವಿ. ಸುಣ್ಣದ ನೀರಿಗೂ ತಿಳಿ ಇದೆ. ಹಾಗೇ ಇದು ರಕ್ತದ ತಿಳಿ. ಸೀರಂ ಬೇಡ, ಕನ್ನಡವೇ ಬೇಕು ಅನ್ನುವವರು ಹೀಗೆ ಬರೆಯಲಿ, ನನ್ನ ತಕರಾರಿಲ್ಲ. ಪ್ಲಾಸ್ಮಾ ಬೇರೆ. ಹೆಪ್ಪುಗಟ್ಟದಂತೆ ಔಷಧ ಬೆರೆಸಿ ಬೇರ್ಪಡಿಸಿದ ನೀರು ಅದು, ಹೆಪ್ಪುಗಟ್ಟಿಸುವ ಪ್ರೋಟೀನು ಅದರಲ್ಲೇ ಉಳಿದಿರುತ್ತೆ.

ಇನ್ನು ಲಸಿಕೆ. ಚರಕಸಂಹಿತೆಯಲ್ಲಿ ‘ಲಸೀಕಾ’ ಅಂತ ಬರುತ್ತೆ: ಚರ್ಮದ ಕೆಳಗಿನ, ಗಾಯವಾದಾಗ ಒಸರುವ ನೀರು. ಹಳೆಯ ಕಾಲದಲ್ಲಿ ಸಿಡುಬಿಗೆ ಚುಚ್ಚುತ್ತಿದ್ದದ್ದೂ ದನದ ಸಿಡುಬಿನ ಗುಳ್ಳೆಯಿಂದ ತೆಗೆದ ಇಂಥದ್ದೇ ನೀರು. ಹೆಸರು ಒಗ್ಗಿದ್ದು ಸಹಜ. ಮರಾಠಿಯಲ್ಲಿ ‘ಲಸ್’ ಅಂದರೆ ವ್ಯಾಕ್ಸಿನ್. ಹಿಂದಿಯ ‘ಲಸೀಕಾ’ ಮಾತ್ರ ಈಗಲೂ ಮೈಯ ದ್ರವವೇ, ಚುಚ್ಚುಮದ್ದಲ್ಲ. ಪದಗಳ ಬೇರು ಹತ್ತಿರ ಇದ್ದ ಮಾತ್ರಕ್ಕೆ ಇವತ್ತಿನ ಅರ್ಥ ಒಂದೇ ಆಗಲ್ಲ, ಅಲ್ವಾ?

ಗೊಂದಲಕ್ಕೆ ಇನ್ನೊಂದು ಕಾರಣ ಪುಣೆಯಲ್ಲಿದೆ. ಸೀರಂ ಇನ್‌ಸ್ಟಿಟ್ಯೂಟ್ ಅಂದರೆ ಎಲ್ಲರಿಗೂ ನೆನಪಾಗೋದು ಕೋವಿಡ್ ಲಸಿಕೆ. 1966ರಲ್ಲಿ ಶುರುವಾದಾಗ ಅವರು ಮೊದಲು ಕೈಹಾಕಿದ್ದು ಟೆಟನಸ್‌ನ ಸೀರಂಗೆ. ಕುದುರೆಯ ಮೈಯಲ್ಲಿ ತಯಾರಾದ, ರೋಗದ ವಿರುದ್ಧ ಹೋರಾಡುವ ಆ್ಯಂಟಿಬಾಡಿಯನ್ನು ಅದರ ರಕ್ತದ ತಿಳಿಯಿಂದ ತೆಗೆದು ಮನುಷ್ಯನಿಗೆ ಕೊಡೋದು. ಎಮಿಲ್ ಫಾನ್ ಬೆಹ್ರಿಂಗ್‌ಗೆ 1901ರಲ್ಲಿ ವೈದ್ಯಕೀಯದ ಮೊದಲ ನೊಬೆಲ್ ಬಂದದ್ದು ಈ ಸೀರಂ ಚಿಕಿತ್ಸೆಗೇ. ಅಲ್ಲಿ ಕೊಡೋದು ಮಾಡಿಟ್ಟ ಅಡುಗೆ. ಲಸಿಕೆ ಮೈಗೆ ಅಡುಗೆ ಕಲಿಸುತ್ತೆ.

ಈಗ ಸಾಲ್ಮನ್‌ಗೆ ಬರೋಣ. (ನಮ್ಮ ಕಡೆ ‘ಇಂಡಿಯನ್ ಸಾಲ್ಮನ್’ ಅಂತ ಮಾರುವ ರಾವಸ್ ಬೇರೆಯೇ ಮೀನು. ಅದರ ಸಿಟ್ಟು ಇನ್ನೊಂದು ದಿನಕ್ಕೆ ಇರಲಿ.) ಸಾಕಿದ ಸಾಲ್ಮನ್‌ಗೆ ಬರುವ ದೊಡ್ಡ ಪೀಡೆಗಳಲ್ಲಿ ಒಂದು ಪ್ಯಾಂಕ್ರಿಯಾಸ್ ಡಿಸೀಸ್ (ಮೇದೋಜೀರಕ ಗ್ರಂಥಿಯ ಕಾಯಿಲೆ), ಸಾಕುವವರ ಬಾಯಲ್ಲಿ ಪಿಡಿ. 1976ರಲ್ಲಿ ಸ್ಕಾಟ್ಲೆಂಡ್‌ನಲ್ಲಿ ಮೊದಲು ಕಾಣಿಸಿತು. ಅದರ ವೈರಸ್ಸು ಆಲ್ಫಾವೈರಸ್, ಅಂದರೆ ನಮ್ಮ ಚಿಕುನ್‌ಗುನ್ಯಾದ ದಾಯಾದಿ. ಆದರೆ ಇದಕ್ಕೆ ಸೊಳ್ಳೆ ಬೇಕಿಲ್ಲ, ನೀರಲ್ಲೇ ಹರಡುತ್ತೆ. ಹೆಸರಲ್ಲಿ ಪ್ಯಾಂಕ್ರಿಯಾಸ್ ಇದ್ದರೂ ಹೃದಯ ಮತ್ತು ಮಾಂಸಖಂಡಗಳೂ ಹಾಳಾಗುತ್ತವೆ. ಮೀನು ಮೇವು ಬಿಡುತ್ತೆ.

ಇದನ್ನು ಗುರುತಿಸೋಕೆ ಸಾಮಾನ್ಯವಾಗಿ ಹೃದಯದ ತುಣುಕು ತೆಗೆದು ಪಿಸಿಆರ್ ಮಾಡುತ್ತಾರೆ. ಹೃದಯ ತೆಗೆದ ಮೇಲೆ ಮೀನು ಎಲ್ಲಿಂದ ಉಳಿಯಬೇಕು? ರಕ್ತವಾದರೆ ಮೀನಿಗೆ ಮಂಪರು ಬರಿಸಿ, ಬಾಲದ ಬುಡದಲ್ಲಿ ಕೆಳಗಿನಿಂದ ಸೂಜಿ ಚುಚ್ಚಿ, ಬೆನ್ನೆಲುಬು ತಾಗುವವರೆಗೆ ಒಯ್ದು, ಅಲ್ಲಿನ ನಾಳದಿಂದ ಸ್ವಲ್ಪ ಎಳೆದುಕೊಂಡು ನೀರಿಗೆ ಬಿಡಬಹುದು. ಆ ರಕ್ತ ಹೆಪ್ಪುಗಟ್ಟಿದ ಮೇಲೆ ಯಂತ್ರದಲ್ಲಿ ಗಿರ್ರನೆ ತಿರುಗಿಸಿ ತಿಳಿ ತೆಗೆಯುತ್ತಾರೆ.

ಆ ತಿಳಿಗೆ ಮೂರು ಬೇರೆ ಬೇರೆ ಪ್ರಶ್ನೆ ಕೇಳಬಹುದು. ನಮ್ಮಲ್ಲಿ ಮೂರಕ್ಕೂ ‘ರಕ್ತ ಪರೀಕ್ಷೆ ಪಾಸಿಟಿವ್’ ಅಂತ ಬರೆದು ಕೈತೊಳೆದುಕೊಳ್ಳುತ್ತಾರೆ. ವೈರಸ್ ಇದೆಯಾ? ಇದ್ದರೆ ಸೋಂಕು ಹೊಸದು, ಮೀನು ಇನ್ನೂ ಚೆನ್ನಾಗೇ ಕಾಣಬಹುದು. ಆ್ಯಂಟಿಬಾಡಿ ಇದೆಯಾ? ಇದ್ದರೆ ಸೋಂಕು ತಗುಲಿ ಸ್ವಲ್ಪ ದಿನ ಆಗಿದೆ, ರಕ್ತದಲ್ಲಿ ವೈರಸ್ ಆಗಲೇ ಖಾಲಿಯಾಗಿರಬಹುದು. ನೀರು ತಣ್ಣಗಿದ್ದಷ್ಟೂ ಆ್ಯಂಟಿಬಾಡಿ ನಿಧಾನ. ಮೂರನೆಯದು, ಮಾಂಸಖಂಡ ಒಡೆದು ಏನಾದರೂ ಸೋರಿದೆಯಾ? ಎದೆನೋವು ಅಂತ ಹೋದವರಿಗೆ ಬರೆದುಕೊಡುವ ಸಿಪಿಕೆ ಟೆಸ್ಟ್ ಇದೆಯಲ್ಲ, ಅದೇ ಕಿಣ್ವವನ್ನು ಸಾಲ್ಮನ್ ಸೀರಂನಲ್ಲೂ ಅಳೆಯುತ್ತಾರೆ. ಅದು ಏರಿದರೆ ಮಾಂಸಖಂಡಕ್ಕೆ ಪೆಟ್ಟಾಗಿದೆ ಅಂತಷ್ಟೇ ಅರ್ಥ, ಯಾವ ವೈರಸ್ ಅಂತ ಅದು ಹೇಳಲ್ಲ. ಹಿಡಿಯುವಾಗ ಮೀನು ಜಾಸ್ತಿ ಒದ್ದಾಡಿದರೂ ಏರುತ್ತೆ. ಸೀರಂಗೆ ಸೋಡಿಯಂ ಅಸಿಟೇಟ್ ದ್ರಾವಣ ಬೆರೆಸಿ, ಸೋರಿದ ಪ್ರೋಟೀನಿನಿಂದ ಅದು ಕದಡುತ್ತಾ ಅಂತ ನೋಡುವ ಪರೀಕ್ಷೆಯೂ ಒಂದಿದೆ. ಮತ್ತೆ ಹಾಲು ಒಡೆದ ಹಾಗೇ.

ಡೆಂಗಿ ರಿಪೋರ್ಟ್ ಓದಿ ಅಭ್ಯಾಸ ಇರುವವರು ಆ್ಯಂಟಿಬಾಡಿಯ ಬಗೆ ನೋಡಿ ‘ಐಜಿಎಂ ಅಂದರೆ ಹೊಸದು, ಐಜಿಜಿ ಅಂದರೆ ಹಳೆಯದು’ ಅನ್ನುವ ಲೆಕ್ಕವನ್ನು ಇಲ್ಲಿಗೂ ತರುತ್ತಾರೆ. ಮೀನಿಗೆ ಐಜಿಜಿ ಅನ್ನೋದೇ ಇಲ್ಲ. ಹಾಗಾಗಿ ಕೆಲವು ವಾರ ಬಿಟ್ಟು ಅದೇ ಹಿಂಡಿನಿಂದ ಮತ್ತೆ ಸೀರಂ ತೆಗೆದು, ಆ್ಯಂಟಿಬಾಡಿ ಏರಿದೆಯಾ ಅಂತ ಹೋಲಿಸಬೇಕು.

ಲಸಿಕೆ ಅಂತ ತಿದ್ದಿದ್ದು ಇಲ್ಲೇ ಜಾಸ್ತಿ ಎಡವಟ್ಟಾಗೋದು. ಪಿಡಿಗೆ ನಿಜವಾಗಿಯೂ ಲಸಿಕೆ ಇದೆ. ಅದನ್ನು ಹಾಕಿಸಿಕೊಂಡ ಮೀನಿನ ಸೀರಂನಲ್ಲಿ ಆ್ಯಂಟಿಬಾಡಿ ಸಿಕ್ಕರೆ ಅದು ಲಸಿಕೆಯದ್ದಾ ಸೋಂಕಿನದ್ದಾ ಅಂತ ಲ್ಯಾಬ್‌ನವರು ತಲೆ ಕೆರೆದುಕೊಳ್ಳುತ್ತಾರೆ. ಎರಡೂ ಪದ ಒಂದೇ ವಾಕ್ಯದಲ್ಲಿ ಬೇಕಾಗುವ ಜಾಗ ಇದು.

ಹಾಗಂತ ಸೀರಂ ಕಷ್ಟ ಅಂತ ಎಲ್ಲ ಕಡೆ ‘ರಕ್ತ’ ಅಂತ ಬರೆದರೂ ಆಗಲ್ಲ. ನಾರ್ವೆಯಲ್ಲಿ 1999ರಿಂದ ಕಾಣಿಸಿಕೊಂಡ, ಸಾಲ್ಮನ್‌ನ ಹೃದಯ ಮತ್ತು ಮಾಂಸಖಂಡ ಊದಿಸುವ ಇನ್ನೊಂದು ಕಾಯಿಲೆ ಇದೆ. ಅದರ ವೈರಸ್ ಗೊತ್ತಾದದ್ದು 2010ರಲ್ಲಿ, ಹೆಸರು ಪಿಆರ್‌ವಿ. ಮೀನಿನ ಕೆಂಪು ರಕ್ತಕಣಕ್ಕೆ ನಮ್ಮದಕ್ಕಿಲ್ಲದ ಕೋಶಕೇಂದ್ರ ಇರುತ್ತೆ. ಈ ವೈರಸ್ ಆ ಕಣದೊಳಗೇ ಸೇರಿಕೊಂಡು ಮರಿ ಹಾಕುತ್ತೆ. ಪಿಡಿಗೆ ತಿಳಿ ಇಟ್ಟುಕೊಂಡು ಗಡ್ಡೆ ಎಸೆಯುವ ಅಭ್ಯಾಸದಲ್ಲಿ ಪಿಆರ್‌ವಿಗೂ ಹಾಗೇ ಮಾಡಿದರೆ, ಹುಡುಕುತ್ತಿದ್ದ ವೈರಸ್ಸಿನ ಬಹುಪಾಲು ಕಸದ ಬುಟ್ಟಿಯಲ್ಲಿರುತ್ತೆ.