ನೆಗ್ಗಿಲ ಮುಳ್ಳನ್ನು ಒಮ್ಮೆ ಒಡೆದು ನೋಡಿ
ಕಲಬುರಗಿಯ ಸುತ್ತಲಿನ ತೊಗರಿ ಹೊಲಗಳಿಗೆ ಬೆಳೆ ನೋಡಲು ಹೋದಾಗಲೆಲ್ಲ ನನಗೆ ಎದುರಾಗುವ ಮಾತು ಒಂದೇ: "ಹೋದ ವರ್ಷ ನೆಗ್ಗಿಲು ಬೇರುಸಮೇತ ಕಿತ್ತಿ ಸುಟ್ಟೀವ್ರಿ, ಆದ್ರೂ ಮತ್ತ ಹುಟ್ಟ್ಯಾದ." ರೈತರ ಶ್ರಮದಲ್ಲಿ ಕೊರತೆಯಿಲ್ಲ. ನೆಲದ ಮೇಲೆ ಹರಡುವ ಈ ಕಳೆ ಮತ್ತೆ ಮತ್ತೆ ಹುಟ್ಟುವುದೇಕೆ ಎಂಬುದಕ್ಕೆ ಉತ್ತರ ಅದರ ಮುಳ್ಳಿನೊಳಗಿದೆ.

ಒಣಗಿದ ನೆಗ್ಗಿಲ ಕಾಯಿ ಐದು ಹೋಳಾಗಿ ಬಿಡಿಸಿಕೊಳ್ಳುತ್ತದೆ. ಚಪ್ಪಲಿಯ ಅಟ್ಟೆಗೆ ಚುಚ್ಚಿಕೊಳ್ಳುವುದು ಇಂಥ ಒಂದು ಹೋಳು, ಎರಡು ಉದ್ದ ಮುಳ್ಳು ಮತ್ತು ಎರಡು ಗಿಡ್ಡ ಮುಳ್ಳುಗಳುಳ್ಳದ್ದು. ಅದನ್ನು ಕಲ್ಲಿನ ಮೇಲಿಟ್ಟು ಚಾಕುವಿನಿಂದ ಸೀಳಿದರೆ, ಕಟ್ಟಿಗೆಯಷ್ಟು ಗಟ್ಟಿಯಾದ ಗೋಡೆಗಳ ನಡುವೆ ಎರಡರಿಂದ ನಾಲ್ಕು ಬೀಜಗಳು ಬೇರೆ ಬೇರೆ ಕೋಣೆಗಳಲ್ಲಿ ಒಂದರ ಮೇಲೊಂದು ಕುಳಿತಿರುವುದು ಕಾಣುತ್ತದೆ. ಸಾಮಾನ್ಯವಾಗಿ ಮಳೆ ಬಿದ್ದಾಗ ಮೊದಲು ಮೊಳೆಯುವುದು ಇವುಗಳಲ್ಲಿ ದೊಡ್ಡದು; ಉಳಿದವು ಮುಂದಿನ ಮಳೆಗೋ ಅದರಾಚೆಯ ವರ್ಷಕ್ಕೋ ಕಾಯುತ್ತವೆ. ಮಳೆ ಕೈಕೊಟ್ಟು ಮೊದಲ ಸಸಿ ಒಣಗಿದರೂ ವಂಶ ಉಳಿಯುವಂತೆ ಮಾಡಿದ ಈ ಏರ್ಪಾಡು, ಮರುಭೂಮಿಯಂಥ ನೆಲದಲ್ಲಿ ಒಂದೇ ಹಂಗಾಮು ಬದುಕುವ ಗಿಡಕ್ಕೆ ಎಲ್ಲಕ್ಕಿಂತ ದೊಡ್ಡ ಬಲವೆಂದು ನಾನು ನಂಬುತ್ತೇನೆ.

ಉಳಿದ ಅಂಗಗಳೂ ಬಿಸಿಲಿಗೆ ಒಗ್ಗಿದವೇ. ತೆಳುವಾದ ತಾಯಿಬೇರು ಆಳಕ್ಕಿಳಿಯುತ್ತದೆ, ಎಲೆಯ ಮೇಲೆ ಬೆಳ್ಳಿ ಬಣ್ಣದ ರೋಮಗಳಿರುತ್ತವೆ, ಮತ್ತು ಜೋಳದಂತೆಯೇ ಇದೂ ಕಡಿಮೆ ನೀರಿನಲ್ಲಿ, ಹೆಚ್ಚಿನ ಶಾಖದಲ್ಲಿ ಆಹಾರ ತಯಾರಿಸಿಕೊಳ್ಳುವ 'ಸಿ-4' ಗುಂಪಿನ ಸಸ್ಯ. ಮೊಳೆತ ಮೂರರಿಂದ ಐದು ವಾರಗಳಲ್ಲೇ ಐದೆಸಳಿನ ಹಳದಿ ಹೂವು ಅರಳುತ್ತದೆ.

ಆದ್ದರಿಂದ ಕೀಳಬೇಕಾದ ಹೊತ್ತು ಹಳದಿ ಹೂವು ಕಂಡ ಆ ವಾರವೇ ಹೊರತು ಸುಗ್ಗಿಯ ಮುಂಚೆ ಕಣ ಮಾಡುವಾಗಲ್ಲ. ಬಳ್ಳಿಗಳು ಚಕ್ರದಂತೆ ಹರಡಿದ್ದರೂ ಎಲ್ಲವೂ ಒಂದೇ ಬುಡದಿಂದ ಹೊರಟಿರುವುದರಿಂದ, ನೆಲ ಹಸಿಯಿದ್ದಾಗ ಖುರ್ಪಿಯಿಂದ ಆ ಬುಡವನ್ನು ಮಣ್ಣಿನೊಳಗೇ ಕತ್ತರಿಸಿದರೆ ಸಾಕು. ಕಾಯಿ ಬಲಿತ ಮೇಲೆ ಬಳ್ಳಿಯನ್ನು ಎಳೆದಾಡಿದರೆ ನಾವೇ ಬಿತ್ತಿದಂತಾಗುತ್ತದೆ. ಒಡ್ಡಿನ ಮೇಲೂ ಬಂಡಿದಾರಿಯಲ್ಲೂ ಇದೇ ಕೆಲಸವನ್ನು ಸತತವಾಗಿ ಮೂರು-ನಾಲ್ಕು ಮಳೆಗಾಲ ಮಾಡಬೇಕು.

ಕಿತ್ತ ರಾಶಿಯನ್ನು ಕುರಿಗಳ ಮುಂದೆ ಹಾಕಬೇಡಿರೆಂದು ಕೈಮುಗಿದು ಕೇಳುತ್ತೇನೆ. ದಕ್ಷಿಣ ಆಫ್ರಿಕಾದಲ್ಲಿ ಬಾಡಿದ ನೆಗ್ಗಿಲು ಮೇಯ್ದ ಕುರಿಗಳ ಯಕೃತ್ತು ಕೆಟ್ಟು, ಬಿಸಿಲಿಗೆ ಮುಖ, ಕಿವಿಗಳು ಊದಿಕೊಳ್ಳುವ ಕಾಯಿಲೆ ಬಹಳ ಹಿಂದಿನಿಂದ ದಾಖಲಾಗಿದೆ. ಗೋಕ್ಷುರವೆಂಬ ಹೆಸರಿನಲ್ಲಿ, ಆಯುರ್ವೇದದ ಹತ್ತು ಬೇರುಗಳ ಔಷಧವಾದ ದಶಮೂಲದಲ್ಲಿ ಇದೂ ಒಂದು ಎಂಬುದು ನಿಜ, ಆದರೆ ವೈದ್ಯರು ಅಳತೆ ನೋಡಿ ಕೊಡುವ ಔಷಧ ಬೇರೆ, ಹಸಿದ ಮಂದೆ ಹೊಟ್ಟೆತುಂಬ ಮೇಯುವುದು ಬೇರೆ.