ಒಡೆದ ಬೀಡು, ಸೆರೆಸಿಕ್ಕ ಹಡಗು

ಪಾಂಡವಪುರದ ಕಡೆ ಆಲೆಮನೆ ನಡೆಸುವ ನನ್ನ ಸೋದರಮಾವನ ಗಾಣದ ಚೌಕಟ್ಟು ಒಮ್ಮೆ ಕಬ್ಬು ಅರೆಯುವ ಭರದಲ್ಲಿದ್ದಾಗಲೇ ಸೀಳಿತು. ಕಬ್ಬಿನ ಜೊತೆ ಯಾವುದೋ ಕಬ್ಬಿಣದ ಚೂರು ಒಳಗೆ ಹೋಗಿತ್ತು. ಹೊರಗೆ ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ಕಡಿದ ಕಬ್ಬು ಒಣಗಿದಷ್ಟೂ ಬೆಲ್ಲ ಕಡಿಮೆ. ಚೌಕಟ್ಟನ್ನು ಟ್ರ್ಯಾಕ್ಟರಿಗೆ ಹೇರಿಕೊಂಡು ವೆಲ್ಡಿಂಗ್ ಅಂಗಡಿಗೆ ಹೋದರೆ, ಅಲ್ಲಿದ್ದ ಹುಡುಗ ಸುತ್ತಿಗೆಯಿಂದ ಒಮ್ಮೆ ತಟ್ಟಿ ಸದ್ದು ಕೇಳಿ, "ಇದು ಬೀಡು, ಎರಕದ ಕಬ್ಬಿಣ ಯಜಮಾನರೇ, ವೆಲ್ಡಿಂಗ್ ನಿಲ್ಲುವುದಿಲ್ಲ, ಹೊಸದು ಹಾಕಿಸಿ" ಎಂದುಬಿಟ್ಟ. ಒಳಗಿನಿಂದ ಎದ್ದು ಬಂದ ಹಿರಿಯ ಮೇಸ್ತ್ರಿ ಏನೂ ಮಾತಾಡಲಿಲ್ಲ. ಬಿರುಕಿನ ಉದ್ದಕ್ಕೂ ಸೀಮೆಸುಣ್ಣ ಎಳೆದರು. ಅದರ ಎರಡೂ ಬದಿಗೆ ಡ್ರಿಲ್ಲಿನಿಂದ ಸಾಲಾಗಿ ತೂತು ಕೊರೆಯತೊಡಗಿದರು.

ಒಡೆದ ವಸ್ತುವನ್ನು ಕೂಡಿಸಲು ಬಂದವರು ಅದಕ್ಕೆ ಇನ್ನಷ್ಟು ತೂತು ಮಾಡುತ್ತಿದ್ದಾರಲ್ಲ ಎಂದು ಮಾವ ಕಂಗಾಲಾದರು. ನನಗೆ ಮಾತ್ರ ಮೈ ಜುಮ್ಮೆಂದಿತು. 1917ರಲ್ಲಿ ಅಮೆರಿಕದ ಸರ್ಕಾರ ತನ್ನ ಕೈಗೆ ಸಿಕ್ಕ ಜರ್ಮನ್ ಹಡಗುಗಳನ್ನು ಬದುಕಿಸಿಕೊಂಡದ್ದು ಇಂಥದೇ ತೂತುಗಳಿಂದ.

ಯುದ್ಧಕಾಲದಲ್ಲಿ ಶತ್ರುವಿನ ವ್ಯಾಪಾರಿ ಹಡಗನ್ನು ಹಿಡಿಯುವುದು ಎಂದರೆ ಧ್ವಜ ಇಳಿಸಿ ಬೇರೆ ಧ್ವಜ ಏರಿಸಿದರೆ ಮುಗಿಯಿತು ಎಂದೇ ಬಹಳ ಜನ ತಿಳಿದಿದ್ದಾರೆ. ಸಿನಿಮಾಗಳೂ ಹಾಗೆಯೇ ತೋರಿಸುತ್ತವೆ. ಈ ತಿಳಿವಳಿಕೆ ನನಗೆ ಸಹಿಸುವುದೇ ಇಲ್ಲ. ಧ್ವಜ ಏರಿದ ಕ್ಷಣದಲ್ಲಿ ಸರ್ಕಾರದ ಕೈಗೆ ಬರುವುದು ಸಾವಿರಾರು ಟನ್ ಕಬ್ಬಿಣ ಮತ್ತು ಅದರ ಬೆನ್ನಿಗಿರುವ ವ್ಯಾಜ್ಯಗಳು. ಓಡಿಸುವವರು ಇಲ್ಲ, ನಕ್ಷೆಗಳಿಲ್ಲ, ಕವಾಟಗಳ ಮೇಲಿನ ಬರಹ ಇನ್ನೊಂದು ಭಾಷೆಯಲ್ಲಿದೆ. ಇಂಜಿನ್ನು ತಿರುಗುತ್ತದೆಯೋ ಇಲ್ಲವೋ ಎಂಬುದೂ ಗೊತ್ತಿಲ್ಲ.

1914ರ ಆಗಸ್ಟಿನಲ್ಲಿ ಯುದ್ಧ ಶುರುವಾದಾಗ ಬ್ರಿಟಿಷ್ ನೌಕಾಪಡೆಯ ಭಯಕ್ಕೆ ಜರ್ಮನಿಯ ಹಡಗುಗಳು ಸಿಕ್ಕ ಸಿಕ್ಕ ತಟಸ್ಥ ಬಂದರುಗಳಲ್ಲಿ ಆಶ್ರಯ ಪಡೆದವು. ನ್ಯೂಯಾರ್ಕಿನ ಎದುರು ದಂಡೆಯ ಹೋಬೋಕನ್‌ನಲ್ಲಿ ಅಂದಿನ ಜಗತ್ತಿನ ಅತಿ ದೊಡ್ಡ ಹಡಗು 'ಫಾಟರ್‌ಲಾಂಡ್' ನಿಂತಿತ್ತು. ಅದರ ಗಾತ್ರ 54,000 ಟನ್ನಿಗೂ ಹೆಚ್ಚು, ಸಂಚಾರ ಆರಂಭಿಸಿ ಇನ್ನೂ ಮೂರು ತಿಂಗಳೂ ಆಗಿರಲಿಲ್ಲ. 'ಕ್ರೋನ್‌ಪ್ರಿನ್ಸೆಸಿನ್ ಸೆಸಿಲಿ' ಎಂಬ ಇನ್ನೊಂದು ಹಡಗು ನ್ಯೂಯಾರ್ಕಿನಿಂದ ಯುರೋಪಿಗೆ ಚಿನ್ನ ಸಾಗಿಸುತ್ತಿತ್ತು. ಅರ್ಧ ದಾರಿಯಲ್ಲಿ ಯುದ್ಧದ ಸುದ್ದಿ ಕೇಳಿ ಹಿಂತಿರುಗಿ, ಮೇಯ್ನ್ ರಾಜ್ಯದ ಬಾರ್ ಹಾರ್ಬರ್ ಎಂಬ ಪುಟ್ಟ ಊರಿನ ಮುಂದೆ ಲಂಗರು ಹಾಕಿತು. ಹೀಗೆ ಆಶ್ರಯ ಪಡೆದ ಹಡಗುಗಳು ಎರಡೂವರೆ ವರ್ಷ ಸಾಗರ ದಾಟಲು ಹೊರಡಲಿಲ್ಲ.

ಇಂಥ ಹಡಗುಗಳ ವಿಷಯದಲ್ಲಿ ಕಾನೂನು ಏನು ಹೇಳುತ್ತದೆ? ನಡುಗಡಲಿನಲ್ಲಿ ಹಿಡಿದ ಹಡಗಿನ ಹಾದಿ ಬೇರೆ, ಯುದ್ಧ ಸಾರಿದ ದಿನ ನಮ್ಮದೇ ಬಂದರಿನಲ್ಲಿ ನಿಂತಿದ್ದ ಹಡಗಿನ ಹಾದಿ ಬೇರೆ. ಮೊದಲನೆಯದು 'ಪ್ರೈಜ್ ಕೋರ್ಟ್' ಎಂಬ ವಿಶೇಷ ನ್ಯಾಯಾಲಯಕ್ಕೆ ಹೋಗಬೇಕು. ಹಿಡಿದವನ ಬಲದಿಂದ ಒಡೆತನ ಹುಟ್ಟುವುದಿಲ್ಲ, ನ್ಯಾಯಾಧೀಶರ ತೀರ್ಪಿನಿಂದ ಹುಟ್ಟುತ್ತದೆ. ತಾಮ್ರ ಹೊತ್ತಿದ್ದ 'ಜಮೋರಾ' ಎಂಬ ಸ್ವೀಡನ್ನಿನ ತಟಸ್ಥ ಹಡಗಿನ ಪ್ರಕರಣದಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಎಂಬ ಮೇಲ್ಮನವಿ ನ್ಯಾಯಪೀಠ 1916ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಪ್ರೈಜ್ ಕೋರ್ಟ್ ಪಾಲಿಸಬೇಕಾದದ್ದು ಅಂತರರಾಷ್ಟ್ರೀಯ ಕಾನೂನನ್ನು, ತನ್ನದೇ ಸರ್ಕಾರದ ಆಜ್ಞೆ ಅದಕ್ಕೆ ವಿರುದ್ಧವಾಗಿದ್ದರೆ ಆ ಆಜ್ಞೆಗೆ ಅದು ಕಟ್ಟುಬೀಳಬೇಕಾಗಿಲ್ಲ ಎಂದಿತು. ಯುದ್ಧದ ನಟ್ಟನಡುವೆ, ಸ್ವಂತ ಸರ್ಕಾರಕ್ಕೆ ಎದುರಾಗಿ ಬಂದ ಈ ತೀರ್ಪನ್ನು ಓದಿದಾಗಲೆಲ್ಲ ನನಗೆ ಗೌರವ ಉಕ್ಕುತ್ತದೆ. ನಮ್ಮ ದೇಶದಲ್ಲಿಯೂ ಇದಕ್ಕೆಂದೇ 1971ರ ನೌಕಾ ಮತ್ತು ವಿಮಾನ ಪ್ರೈಜ್ ಕಾಯ್ದೆ ಇದೆ.

ಬಂದರಿನಲ್ಲೇ ನಿಂತ ಹಡಗಿಗೆ ಹಿಂದೆ ಕೆಲವು ದಿನಗಳ ಗಡುವು ಕೊಟ್ಟು ಹೊರಡಲು ಬಿಡುವ ಸಂಪ್ರದಾಯವಿತ್ತು. 1907ರ ಹೇಗ್ ಸಮ್ಮೇಳನದ ಆರನೆಯ ಒಪ್ಪಂದ ಆ ಸಂಪ್ರದಾಯವನ್ನು ಬರಹಕ್ಕಿಳಿಸಿತು. ಬಿಟ್ಟು ಕಳಿಸುವುದು ಅಪೇಕ್ಷಣೀಯ, ಇಟ್ಟುಕೊಂಡರೂ ಮುಟ್ಟುಗೋಲು ಸಲ್ಲದು, ಬಳಸಿದರೆ ಪರಿಹಾರ ಕೊಡಬೇಕು ಎಂಬುದು ಅದರ ತಿರುಳು. ಅಮೆರಿಕ ಅದಕ್ಕೆ ಸಹಿ ಹಾಕಿರಲಿಲ್ಲ. 1917ರ ಏಪ್ರಿಲ್ 6ರಂದು ಯುದ್ಧ ಸಾರಿದ ದಿನವೇ ಸುಂಕದ ಅಧಿಕಾರಿಗಳು ಜರ್ಮನ್ ಹಡಗುಗಳನ್ನು ಏರಿದರು. ನ್ಯೂಯಾರ್ಕಿನ ನಾವಿಕರನ್ನು ಎಲ್ಲಿಸ್ ದ್ವೀಪಕ್ಕೆ ಸಾಗಿಸಿದರು. ಒಡೆತನವನ್ನೂ ವಹಿಸಿಕೊಳ್ಳುವ ಅಧಿಕಾರವನ್ನು ಸಂಸತ್ತು ಮೇ 12ರಂದು ಅಧ್ಯಕ್ಷ ವಿಲ್ಸನ್‌ಗೆ ಕೊಟ್ಟಿತು, ಜೂನ್ 30ಕ್ಕೆ ಆದೇಶ ಹೊರಟಿತು. ಹಡಗುಗಳು ಹಿಂದಿನ ವರ್ಷವಷ್ಟೇ ಹುಟ್ಟಿದ್ದ ಶಿಪ್ಪಿಂಗ್ ಬೋರ್ಡಿನ ಸುಪರ್ದಿಗೆ ಬಂದವು. ಮಾಲೀಕರಿಗೆ ಪರಿಹಾರ ಕೊಡುವ ಕಾನೂನು ಬಂದದ್ದು 1928ರಲ್ಲಿ. ಕಾಗದದ ಕೆಲಸ ಇಷ್ಟು.

ಇಂಜಿನ್ ಕೋಣೆಗೆ ಇಳಿದವರಿಗೆ ಕಂಡದ್ದೇ ಬೇರೆ. ಜನವರಿ ಕೊನೆಯಲ್ಲಿ ಜರ್ಮನಿಯು ಜಲಾಂತರ್ಗಾಮಿಗಳ ಹದ್ದಿಲ್ಲದ ಯುದ್ಧ ಸಾರಿದ ಹೊತ್ತಿಗೆ, ಹಡಗಿನಲ್ಲಿದ್ದ ಜರ್ಮನ್ ಸಿಬ್ಬಂದಿಯೇ ತಮ್ಮ ಇಂಜಿನ್ನುಗಳನ್ನು ಕೈಯಾರೆ ಒಡೆದುಹಾಕಿದ್ದರು. ಬಂದರಿನಲ್ಲಿ ಹಡಗು ಮುಳುಗಿಸಿದರೆ ಎಲ್ಲರಿಗೂ ಕಾಣುತ್ತದೆ, ಒಳಗೆ ಸಿಲಿಂಡರ್ ಒಡೆದರೆ ಕಾಣುವುದಿಲ್ಲ. ಭಾರವಾದ ತೊಲೆಗಳಿಂದ ಗುದ್ದಿ, ಜಾಕಿನಿಂದ ಒತ್ತಿ ಸಿಲಿಂಡರುಗಳ ಗೋಡೆಯಲ್ಲಿ ದೊಡ್ಡ ಕಿಂಡಿಗಳನ್ನು ಮಾಡಿದ್ದರು. ಪಂಪುಗಳ ಮೈ ಸೀಳಿದ್ದರು, ಉಗಿಯ ಕೊಳವೆಗಳೊಳಗೆ ಬಿರಡೆ ಜಡಿದಿದ್ದರು, ಕೆಲವು ಬಾಯ್ಲರುಗಳನ್ನು ನೀರಿಲ್ಲದೆ ಕಾಯಿಸಿ ಹಾಳುಮಾಡಿದ್ದರು. ಒಂದು ಹಡಗಿನಲ್ಲಿ ಏನೇನು ಒಡೆಯಲಾಗಿದೆ, ಯಾವುದು ರಿಪೇರಿಗೆ ಬರುವುದಿಲ್ಲ ಎಂದು ಬರೆದಿಟ್ಟ ಪಟ್ಟಿಯೇ ಸಿಕ್ಕಿತು. ಒಡೆದವರು ದಡ್ಡರಲ್ಲ, ನುರಿತ ಇಂಜಿನಿಯರುಗಳು. ಉಕ್ಕಿನ ದಂಡಗಳನ್ನು ಹೆಚ್ಚಾಗಿ ಮುಟ್ಟದೆ ಬೀಡನ್ನೇ ಹುಡುಕಿ ಒಡೆದದ್ದರಲ್ಲಿ ಅವರ ಜಾಣತನ ಕಾಣುತ್ತದೆ.

ಬೀಡು ಎಂದರೆ ಎರಕದ ಕಬ್ಬಿಣ. ಸಾಮಾನ್ಯ ಉಕ್ಕಿನಲ್ಲಿ ಇಂಗಾಲ ನೂರಕ್ಕೆ ಕಾಲು ಪಾಲಿನಷ್ಟೂ ಇರುವುದಿಲ್ಲ, ಬೀಡಿನಲ್ಲಿ ಎರಡರಿಂದ ನಾಲ್ಕು ಪಾಲು ಇರುತ್ತದೆ. ಕರಗಿದ ಲೋಹ ನಿಧಾನವಾಗಿ ಆರುವಾಗ ಆ ಹೆಚ್ಚುವರಿ ಇಂಗಾಲ ಗ್ರಾಫೈಟ್ ಆಗಿ, ಪೆನ್ಸಿಲಿನ ಕಡ್ಡಿಯ ಅದೇ ವಸ್ತುವಾಗಿ, ತೆಳ್ಳನೆಯ ಹಾಳೆಗಳಂತೆ ಲೋಹದ ತುಂಬ ಹರಡಿಕೊಳ್ಳುತ್ತದೆ. ಅಂಚೆಚೀಟಿಗಳ ನಡುವೆ ಸಾಲಾಗಿ ಚುಚ್ಚಿದ ತೂತುಗಳನ್ನು ನೆನಪಿಸಿಕೊಳ್ಳಿ. ಕಾಗದ ಗಟ್ಟಿಯೇ, ಆದರೆ ಎಳೆದರೆ ಆ ಸಾಲಿನಲ್ಲೇ ಹರಿಯುತ್ತದೆ. ಬೀಡಿನಲ್ಲಿ ಅಂಥ ಸಾಲುಗಳು ಎಲ್ಲ ದಿಕ್ಕಿಗೂ ಇವೆ. ಕಡಲೆಕಾಯಿ ಚಿಕ್ಕಿಯೂ ಹೀಗೆಯೇ: ಅಂಗೈಯಲ್ಲಿಟ್ಟು ಎಷ್ಟು ಅದುಮಿದರೂ ತಡೆಯುತ್ತದೆ, ಎರಡು ತುದಿ ಹಿಡಿದು ಬಗ್ಗಿಸಿದರೆ ಬಾಗುವ ಮಾತೇ ಇಲ್ಲ, ಬೀಜದ ಪಕ್ಕದಲ್ಲಿ ಟಕ್ಕನೆ ಮುರಿಯುತ್ತದೆ. ತಾನು ತಾಳುವ ಒತ್ತಡದ ಮೂರನೆಯ ಅಥವಾ ನಾಲ್ಕನೆಯ ಒಂದು ಭಾಗದಷ್ಟು ಎಳೆತವನ್ನು ಮಾತ್ರ ಬೀಡು ತಾಳುತ್ತದೆ.

ಇಂಥದ್ದಕ್ಕೆ ಬೆಸುಗೆ ಹಾಕಿದರೆ ಏನಾಗುತ್ತದೆ? ಬೆಸುಗೆಯನ್ನು ಅಂಟು ಎಂದುಕೊಂಡವರಿಗೆ ಇದು ಅರ್ಥವಾಗುವುದಿಲ್ಲ. ಬೆಸುಗೆಯಲ್ಲಿ ಲೋಹ ಕರಗಿ ಒಂದಾಗುತ್ತದೆ, ಆಮೇಲೆ ಆರುತ್ತದೆ, ಆರುವಾಗ ಕುಗ್ಗುತ್ತದೆ. ಉಕ್ಕು ಕರಗಿದ ಸ್ಥಿತಿಯಿಂದ ತಣ್ಣಗಾಗುವಷ್ಟರಲ್ಲಿ ಉದ್ದದಲ್ಲಿ ನೂರಕ್ಕೆ ಸುಮಾರು ಎರಡು ಪಾಲು ಕುಗ್ಗುತ್ತದೆ. ಹಸಿ ಚರ್ಮವನ್ನು ಮದ್ದಳೆಗೆ ಬಿಗಿದು ಬಿಸಿಲಿಗಿಟ್ಟರೆ ಅದು ಒಣಗುತ್ತಾ ಮರವನ್ನೇ ಹಿಂಡುವಂತೆ, ಆರುವ ಬೆಸುಗೆ ಎರಡೂ ಬದಿಯ ಲೋಹವನ್ನು ತನ್ನತ್ತ ಎಳೆಯುತ್ತದೆ. ಬದಿಯಲ್ಲಿ ಉಕ್ಕಿದ್ದರೆ ಹಿಗ್ಗಿ ಒಪ್ಪಿಕೊಳ್ಳುತ್ತದೆ. ಬೀಡಿಗೆ ಹಿಗ್ಗುವ ಗುಣವೇ ಇಲ್ಲ. ಸಾಲದ್ದಕ್ಕೆ ಬೆಸುಗೆಯ ಅಂಚಿನಲ್ಲಿ ಕರಗಿದ ಬೀಡಿನ ತೆಳು ಪದರ, ಸುತ್ತಲಿನ ತಣ್ಣನೆಯ ಲೋಹ ಬಿಸಿಯನ್ನು ಹೀರಿಕೊಳ್ಳುವುದರಿಂದ, ಬೇಗ ಆರುತ್ತದೆ. ಗ್ರಾಫೈಟ್ ಆಗಲು ಪುರಸೊತ್ತು ಸಿಗದ ಇಂಗಾಲ ಕಬ್ಬಿಣದ ಜೊತೆ ಸೇರಿ ಗಾಜಿನಷ್ಟು ಬಿರುಸಾದ ಬಿಳಿ ಬೀಡಾಗುತ್ತದೆ. ಬೆಸುಗೆ ಗಟ್ಟಿಯಾಗಿ ಕೂತಿರುತ್ತದೆ, ಕೂದಲೆಳೆಯಷ್ಟು ಪಕ್ಕದಲ್ಲಿ ಹೊಸ ಬಿರುಕು ಬಿಟ್ಟಿರುತ್ತದೆ. ಆ ಹುಡುಗ ಹೇಳಿದ 'ನಿಲ್ಲುವುದಿಲ್ಲ' ಎಂಬ ಮಾತಿನೊಳಗೆ ಇಷ್ಟೆಲ್ಲ ಇದೆ.

ಇಡೀ ಸಿಲಿಂಡರನ್ನೇ ಕಾಯಿಸಿ ಬೆಸೆದು ನಿಧಾನವಾಗಿ ಆರಿಸಿದರೆ ಈ ತೊಂದರೆ ತಪ್ಪುತ್ತದೆ. ಆದರೆ ಹಡಗಿನ ಉಗಿಯಂತ್ರದಲ್ಲಿ ಒಂದೇ ಉಗಿಯನ್ನು ಮೂರು ನಾಲ್ಕು ಸಿಲಿಂಡರುಗಳಲ್ಲಿ ಒಂದಾದ ಮೇಲೊಂದು ಹಿಗ್ಗಿಸಿ ಕೆಲಸ ತೆಗೆಯುತ್ತಾರೆ. ಹಿಗ್ಗಿದ ಉಗಿಗೆ ಜಾಗ ಬೇಕು. ಹಾಗಾಗಿ ಕೊನೆಯ ಸಿಲಿಂಡರು ಒಳಗೆ ಆಳು ನಿಲ್ಲಬಹುದಾದಷ್ಟು ದೊಡ್ಡದು. ಅದನ್ನು ಹೊರತೆಗೆಯಬೇಕಾದರೆ ಮೇಲಿನ ಅಟ್ಟಗಳನ್ನೆಲ್ಲ ಕತ್ತರಿಸಬೇಕು. ಹೊಸ ಸಿಲಿಂಡರ್ ಎರಕ ಹೊಯ್ಯಬೇಕು, ಅದಕ್ಕೆ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಬೇಕು ಎಂದು ಶಿಪ್ಪಿಂಗ್ ಬೋರ್ಡಿನ ತಜ್ಞರು ಅಂದಾಜು ಹಾಕಿದರು. ಫ್ರಾನ್ಸಿಗೆ ಸೈನ್ಯ ಕಳಿಸಲು ಹಡಗಿಲ್ಲದೆ ಪರದಾಡುತ್ತಿದ್ದ ಕಾಲ ಅದು.

ನೌಕಾಪಡೆ ಒಪ್ಪಲಿಲ್ಲ. ಅದರ ಉಗಿಯಂತ್ರ ವಿಭಾಗದ ಮುಖ್ಯಸ್ಥ ರಿಯರ್ ಅಡ್ಮಿರಲ್ ರಾಬರ್ಟ್ ಗ್ರಿಫಿನ್ ಮತ್ತು ನ್ಯೂಯಾರ್ಕ್ ನೌಕಾಂಗಣದ ಇಂಜಿನಿಯರ್ ಅಧಿಕಾರಿ ಅರ್ಲ್ ಜೆಸಪ್, ಸಿಲಿಂಡರುಗಳನ್ನು ಇದ್ದಲ್ಲಿಯೇ ವಿದ್ಯುತ್ ಬೆಸುಗೆಯಿಂದ ಸರಿಪಡಿಸಬಹುದು ಎಂದು ವಾದಿಸಿದರು. ಆಗಿನ್ನೂ ವಿದ್ಯುತ್ ಬೆಸುಗೆ ಹೊಸ ವಿದ್ಯೆ. ರಷ್ಯದಲ್ಲಿ ಬೆನಾರ್ದೋಸ್ ಮತ್ತು ಸ್ಲಾವ್ಯಾನೊವ್ 1880ರ ದಶಕದಲ್ಲಿ ಅದಕ್ಕೆ ರೂಪ ಕೊಟ್ಟಿದ್ದರು. ದೊಡ್ಡ ಇಂಜಿನ್ನಿನ ಮುಖ್ಯ ಭಾಗವನ್ನು ಅದಕ್ಕೆ ಒಪ್ಪಿಸಲು ಹೆಚ್ಚಿನವರು ಹೆದರುತ್ತಿದ್ದರು. ವಿದ್ಯುತ್ ಚಾಪದ ಬಿಸಿ ಮೂರು ಸಾವಿರ ಡಿಗ್ರಿಗೂ ಮೀರಿದ್ದು, ಆದರೆ ಅದು ಬೀಳುವುದು ಕಾಳಿನಷ್ಟು ಜಾಗದ ಮೇಲೆ. ಸ್ವಲ್ಪ ಹಾಕು, ಆರಲು ಬಿಡು, ಉಜ್ಜಿ ತೊಳೆ, ಮತ್ತೆ ಸ್ವಲ್ಪ ಹಾಕು ಎಂದು ಸಾಗಿದರೆ ಸುತ್ತಲಿನ ಬೀಡು ಹೆಚ್ಚು ಬಿಸಿಯಾಗುವುದೇ ಇಲ್ಲ.

ಇಷ್ಟಾದರೂ ಅಂಚು ಬಿಡುವ ಭಯ ಉಳಿಯುತ್ತದೆ. ಅದಕ್ಕೆ ತೂತುಗಳು. ಒಡೆದ ಕಿಂಡಿಯ ಅಳತೆಗೆ ಉಕ್ಕಿನ ತೇಪೆಯನ್ನು ಎರಕ ಹೊಯ್ದರು. ಬೀಡಿನ ಅಂಚನ್ನು ಇಳಿಜಾರಾಗಿ ಕೆತ್ತಿ, ಅದರಲ್ಲಿ ಸಾಲು ಸಾಲಾಗಿ ತೂತು ಕೊರೆದು, ಅವುಗಳೊಳಗೆ ಮರೆ (ತಿರುಪಿನ ಸುತ್ತುಗೆರೆ) ಹಾಕಿ ಉಕ್ಕಿನ ಸ್ಟಡ್ಡುಗಳನ್ನು, ಎಂದರೆ ತಲೆಯಿಲ್ಲದ ತಿರುಪುಗಳನ್ನು, ತಿರುಗಿಸಿ ಕೂರಿಸಿದರು. ಅವುಗಳ ತುದಿ ಮಾತ್ರ ಹೊರಗೆ ಉಳಿಯಿತು. ಬೆಸುಗೆಯ ಉಕ್ಕು ಈ ಉಕ್ಕಿನ ತುದಿಗಳಿಗೆ ಸೊಗಸಾಗಿ ಕೂಡಿಕೊಂಡಿತು. ಮರದ ಬೇರು ಕೆರೆಯ ಏರಿಯ ಮಣ್ಣನ್ನು ಕಚ್ಚಿ ಹಿಡಿದಂತೆ, ಸ್ಟಡ್ಡಿನ ಮರೆ ಬೀಡಿನ ಆಳದಲ್ಲಿ ಕಚ್ಚಿಕೊಂಡಿರುತ್ತದೆ. ಎಳೆತವೆಲ್ಲ ಬಿರುಸಾದ ಆ ತೆಳು ಪದರವನ್ನು ದಾಟಿ, ಒಳಗಿನ ಗಟ್ಟಿ ಲೋಹಕ್ಕೆ ಹಂಚಿಹೋಗುತ್ತದೆ. ಕೊನೆಗೆ ಸಿಲಿಂಡರಿನ ಒಳಮೈಯನ್ನು ಅಲ್ಲಿಯೇ ಕೊರೆದು ನಯ ಮಾಡಿ, ನೀರಿನ ಒತ್ತಡ ಕೊಟ್ಟು ಪರೀಕ್ಷಿಸಿದರು.

ಆ ವರ್ಷ ಮುಗಿಯುವಷ್ಟರಲ್ಲಿ ಹಡಗುಗಳು ಸೈನಿಕರನ್ನು ಹೊತ್ತು ಅಟ್ಲಾಂಟಿಕ್ ದಾಟತೊಡಗಿದ್ದವು. ಉಳಿತಾಯವಾದ ಸಮಯ ಸುಮಾರು ಹನ್ನೆರಡು ತಿಂಗಳು ಎಂದು ನೌಕಾಪಡೆ ಲೆಕ್ಕ ಹಾಕಿತು. ವಶಪಡಿಸಿಕೊಂಡ ಜರ್ಮನ್ ಹಡಗುಗಳು ಯುದ್ಧ ಮುಗಿಯುವ ಹೊತ್ತಿಗೆ ಐದೂವರೆ ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಫ್ರಾನ್ಸಿನತ್ತ ಸಾಗಿಸಿದ್ದವು. ಫಾಟರ್‌ಲಾಂಡಿನ ಕಥೆ ಇದರಲ್ಲಿ ಸ್ವಲ್ಪ ಬೇರೆ, ಅದರಲ್ಲಿದ್ದದ್ದು ಟರ್ಬೈನುಗಳು. ಆದರೆ ಅದರ ನಕ್ಷೆಗಳು ಸಿಕ್ಕಿರಲಿಲ್ಲ. ಯುದ್ಧದ ನಂತರ ಅದನ್ನು ಮತ್ತೆ ಪ್ರಯಾಣಿಕರ ಹಡಗಾಗಿಸಲು ಹೊರಟಾಗ, ಕಟ್ಟಿದ ಕಂಪನಿ ನಕ್ಷೆಗಳಿಗೆ ಹತ್ತು ಲಕ್ಷ ಡಾಲರ್ ಕೇಳಿತು. ವಿಲಿಯಂ ಫ್ರಾನ್ಸಿಸ್ ಗಿಬ್ಸ್ ಎಂಬ ಹಡಗು ಶಿಲ್ಪಿ ನಕ್ಷೆಗಾರರ ದಂಡು ಕಟ್ಟಿಕೊಂಡು, ಇಡೀ ಹಡಗನ್ನು ಅಂಗುಲ ಅಂಗುಲವಾಗಿ ಅಳೆದು ಹೊಸದಾಗಿ ಬರೆಸಿದರು.

ಹಡಗಿನ ಹೆಸರು ಬದಲಿಸಿದರೆ ಕೇಡು ತಪ್ಪಿದ್ದಲ್ಲ ಎಂಬ ನಂಬಿಕೆ ನಾವಿಕರಲ್ಲಿ ಬಹಳ ಹಳೆಯದು. ಅದನ್ನು ಇಂದಿಗೂ ಗಂಭೀರವಾಗಿ ಹೇಳುವವರಿದ್ದಾರೆ. ಇಲ್ಲಿ ಹೆಸರುಗಳು ಸಾಲಾಗಿ ಬದಲಾದವು. ಫಾಟರ್‌ಲಾಂಡ್ 'ಲೆವಯಾಥನ್' ಆಯಿತು, ಕೈಸರ್ ವಿಲ್‌ಹೆಲ್ಮ್ II 'ಅಗಮೆಮ್ನಾನ್' ಆಯಿತು, ಸೆಸಿಲಿ 'ಮೌಂಟ್ ವರ್ನನ್' ಆಯಿತು. 1918ರ ಮೇ 31ರಂದು ಜರ್ಮನ್ ಜಲಾಂತರ್ಗಾಮಿ ಮುಳುಗಿಸಿದ 'ಪ್ರೆಸಿಡೆಂಟ್ ಲಿಂಕನ್' ಜರ್ಮನ್ ಕಂಪನಿ ಇಟ್ಟ ಹಳೆಯ ಹೆಸರನ್ನೇ ಉಳಿಸಿಕೊಂಡಿತ್ತು. ಜುಲೈ ಆರಂಭದಲ್ಲಿ ಮುಳುಗಿದ 'ಕವಿಂಗ್ಟನ್' ಹೆಸರು ಬದಲಿಸಿಕೊಂಡಿತ್ತು. ಸೆಪ್ಟೆಂಬರ್ 5ರಂದು ಮೌಂಟ್ ವರ್ನನ್ನಿಗೂ ಟಾರ್ಪಿಡೊ ಬಡಿಯಿತು. 36 ಮಂದಿ ಸತ್ತರು, ಆದರೂ ಹಡಗು ತನ್ನದೇ ಉಗಿಯ ಬಲದಿಂದ ಬ್ರೆಸ್ಟ್ ಬಂದರಿಗೆ ಹಿಂತಿರುಗಿತು. ಅದನ್ನು ದಡ ಮುಟ್ಟಿಸಿದ್ದು ಬಾಯ್ಲರ್ ಕೋಣೆಯವರು, ಮುಚ್ಚಿದ ನೀರುಬಾಗಿಲುಗಳು ಮತ್ತು ಕೈಕೊಡದ ಇಂಜಿನ್ನು. ಪುಣ್ಯವನ್ನು ಹೆಸರಿನ ಖಾತೆಗೆ ಬರೆದರೆ ಆ 36 ಜನರಿಗೂ ಅನ್ಯಾಯ.

ಹಿಡಿಯುವ ಕೈಗೆ ಏನೂ ಸಿಗದಂತೆ ಮಾಡುವ ಈ ತಂತ್ರ ನಮ್ಮ ಕರಾವಳಿಯ ಪಕ್ಕದಲ್ಲೇ ಮತ್ತೆ ಕಂಡಿತು. ಕಾರವಾರದಿಂದ ಉತ್ತರಕ್ಕೆ, ಆಗ ಪೋರ್ಚುಗೀಸರ ಕೈಯಲ್ಲಿದ್ದ ಗೋವೆಯ ಮುರ್ಮಗೋವಾ ಬಂದರಿನಲ್ಲಿ ಎರಡನೆಯ ಮಹಾಯುದ್ಧದಲ್ಲಿ ಮೂರು ಜರ್ಮನ್ ಹಡಗುಗಳೂ ಒಂದು ಇಟಾಲಿಯನ್ ಹಡಗೂ ಆಶ್ರಯ ಪಡೆದಿದ್ದವು. 1943ರ ಮಾರ್ಚ್ 9ರ ರಾತ್ರಿ ಬ್ರಿಟಿಷರ ಕಡೆಯವರು 'ಎರೆನ್‌ಫೆಲ್ಸ್' ಮೇಲೆ ದಾಳಿ ಮಾಡಿದಾಗ ಸಿಬ್ಬಂದಿ ತಾವೇ ಹಡಗುಗಳಿಗೆ ಬೆಂಕಿಯಿಟ್ಟು ಮುಳುಗಿಸಿಬಿಟ್ಟರು. ಅವರು ಬೆಸುಗೆಗೆ ಏನನ್ನೂ ಉಳಿಸಲಿಲ್ಲ.

ಅಂದು ಸಂಜೆ ಮೇಸ್ತ್ರಿ ಕೆಲಸ ಮುಗಿಸುವವರೆಗೂ ನಾನು ಅಲ್ಲೇ ಕೂತಿದ್ದೆ. ಎರಡು ಬೆರಳಿನ ಉದ್ದಕ್ಕೆ ಬೆಸುಗೆ ಎಳೆಯುವುದು, ಕೆಂಪು ಆರುವ ಮೊದಲೇ ಪುಟ್ಟ ಸುತ್ತಿಗೆಯಿಂದ ಮೆಲ್ಲಗೆ ಬಡಿಯುವುದು, ಕೈಯಿಟ್ಟು ನೋಡುವುದು, ಕೈ ತಾಳುವಷ್ಟು ತಣ್ಣಗಾದ ಮೇಲೆಯೇ ಮುಂದಿನದು. ಟೀ ಕುಡಿಯುವಾಗ ನಾನು ಹೋಬೋಕನ್ನಿನ ಕಥೆಯನ್ನೆಲ್ಲ ಹೇಳಿದೆ. ಯುದ್ಧ, ಧ್ವಜ, ಟಾರ್ಪಿಡೊ ಯಾವುದಕ್ಕೂ ಅವರು ತಲೆಯೆತ್ತಲಿಲ್ಲ. ಸ್ಟಡ್ಡಿನ ಮಾತು ಬಂದಾಗ ಲೋಟ ಕೆಳಗಿಟ್ಟು ಕೇಳಿದರು: "ಸ್ಟಡ್ಡುಗಳನ್ನು ಒಂದೇ ನೇರಕ್ಕೆ ಹಾಕಿದ್ದರೋ, ಒಂದು ಬಿಟ್ಟು ಒಂದು ಆಚೀಚೆ ಹಾಕಿದ್ದರೋ?"

ಆಚೀಚೆಯೇ ಎಂದೆ. "ಹಾಗಾದರೆ ನಿಂತಿರುತ್ತದೆ" ಎಂದು ಮಾವನ ಗಾಣದ ಕಡೆ ತಿರುಗಿದರು.